ಪ್ರಣೀತಾಳ ಸಾಕ್ಷಿ

ವಾರಿಜಾ ಟೀಚರಿಗೆ ಆ ಫೋನ್ ಬಂದದ್ದು ಏಪ್ರಿಲ್ ಕೊನೆಯ ವಾರದಲ್ಲಿ. ಮುಂಬಯಿ ಪಕ್ಕದ ಠಾಣೆ ಊರಿನ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಪಾಠ ಮಾಡಿ ನಿವೃತ್ತರಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಕೋರ್ಟು, ಆಸ್ಪತ್ರೆ, ಬ್ಯಾಂಕು, ಎಲ್ಲಿ ಕಿವಿ ಕೇಳದವರ ಸನ್ನೆಯನ್ನು ಮಾತಿಗೆ ತರಬೇಕಾಗುತ್ತಿತ್ತೋ ಅಲ್ಲಿಗೆಲ್ಲ ಅವರನ್ನು ಕರೆಯುತ್ತಿದ್ದರು. ಈ ಸಲ ಕರೆದವನು ಜಯೇಶ್ ಎಂಬ ಮರಾಠಿ ಕ್ರೈಸ್ತ ತರುಣ. ಪ್ರತಿ ಮೇ ತಿಂಗಳಲ್ಲಿ ಠಾಣೆ, ಕಲ್ಯಾಣ, ನವಿ ಮುಂಬಯಿಯ ಚರ್ಚುಗಳೆಲ್ಲ ಸೇರಿ ಹದಿಹರೆಯದ ಮಕ್ಕಳಿಗಾಗಿ ಮೂರು ದಿನದ ಬೇಸಿಗೆ ಉತ್ಸವ ನಡೆಸುತ್ತವೆ, ಐರೋಲಿಯ ಶಾಲೆಯೊಂದರಲ್ಲಿ ಮಕ್ಕಳೆಲ್ಲ ಅಲ್ಲೇ ಉಳಿಯುತ್ತಾರೆ, ಈ ವರ್ಷ ಮೊದಲ ಬಾರಿಗೆ ಕಿವಿ ಕೇಳದ ನಾಲ್ವರು ಹೆಸರು ಕೊಟ್ಟಿದ್ದಾರೆ ಎಂದು ಅವನು ಹಿಂದಿಯಲ್ಲಿ ವಿವರಿಸಿದ.

"ನಾನು ಹಿಂದೂ ಅಲ್ವಾ ಬೇಟಾ. ನಿಮ್ಮ ಹಾಡು, ಬೈಬಲ್ಲು ನನಗೆ ಗೊತ್ತಿಲ್ಲ," ಎಂದರು ವಾರಿಜಾ.

"ನಿಮಗೆ ಆ ಮಕ್ಕಳ ಭಾಷೆ ಗೊತ್ತಲ್ಲ ಆಂಟಿ. ನಮ್ಮಲ್ಲಿ ಯಾರಿಗೂ ಅದು ಗೊತ್ತಿಲ್ಲ," ಎಂದ ಜಯೇಶ್.

ವಾರಿಜಾ ಒಪ್ಪಿದರು. ಮೇ ಎರಡನೇ ಶುಕ್ರವಾರ ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಗೆ ಬಂದು, ಅಲ್ಲಿ ಟ್ರಾನ್ಸ್ ಹಾರ್ಬರ್ ಮಾರ್ಗದ ಲೋಕಲ್ ಗಾಡಿ ಹಿಡಿದು ಐರೋಲಿಯಲ್ಲಿ ಇಳಿದರು. ಶಾಲೆಯ ಸಭಾಂಗಣದಲ್ಲಿ ಆರುನೂರು ಮಕ್ಕಳು. ಸ್ಪೀಕರುಗಳ ಸದ್ದಿಗೆ ನೆಲವೇ ನಡುಗುತ್ತಿತ್ತು. ವೇದಿಕೆಯ ಎಡ ಮೂಲೆಯಲ್ಲಿ ಅವರಿಗೊಂದು ಕುರ್ಚಿ, ಅದರೆದುರು ಮೊದಲ ಸಾಲಿನಲ್ಲಿ ಆ ನಾಲ್ವರು.

ನಾಲ್ವರಲ್ಲಿ ಮೂವರು ಹುಡುಗರು. ಒಬ್ಬಳೇ ಹುಡುಗಿ, ಪ್ರಣೀತಾ ಕರ್ಕಡ. ಹದಿನಾರು ವರ್ಷ. ಉಡುಪಿ ಕಡೆಯ ಕನ್ನಡ ಕ್ರೈಸ್ತ ಕುಟುಂಬ, ಮನೆ ನವಿ ಮುಂಬಯಿಯ ಕಾಮೋಠೆಯಲ್ಲಿ. ತಂದೆ ಸುಜನ್‌ಗೆ ಬಂದರಿಗೆ ಸಂಬಂಧಿಸಿದ ಕಚೇರಿಯಲ್ಲಿ ಕೆಲಸ, ತಾಯಿ ನಿಶಾ ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದಳು. ಹದಿನಾಲ್ಕರ ತಮ್ಮ ಕೀರ್ತನ್‌ಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಅವನೂ ಉತ್ಸವಕ್ಕೆ ಬಂದಿದ್ದ, ಆದರೆ ಗೆಳೆಯರೊಂದಿಗೆ ಹಿಂದಿನ ಸಾಲುಗಳಲ್ಲೆಲ್ಲೋ ಇದ್ದ.

ಮೊದಲ ದಿನ ಮಧ್ಯಾಹ್ನದೊಳಗೆ ಪ್ರಣೀತಾ ವಾರಿಜಾರನ್ನು ಎರಡು ಸಲ ತಿದ್ದಿದ್ದಳು. 'ಕೃಪೆ' ಎಂಬ ಮಾತು ಬಂದಾಗ ಅವರು 'ದಯೆ' ಎಂದು ತೋರಿಸಿದ್ದರು. ಊಟದ ಬಿಡುವಿನಲ್ಲಿ ಅವಳು ಹತ್ತಿರ ಬಂದು, "ದಯೆ ಬೇರೆ, ಇದು ಬೇರೆ. ಇದು ಕೇಳದೇ ಸಿಗುವುದು," ಎಂದು ಸನ್ನೆಯಲ್ಲಿ ವಿವರಿಸಿದಳು. ವಾರಿಜಾ ನಕ್ಕು ಹಾಗೇ ತಿದ್ದಿಕೊಂಡರು. ಅವಳ ಕೈಗಳು ಚುರುಕು, ಸ್ವಚ್ಛ. ಹತ್ತು ವರ್ಷದವರೆಗೆ ಅವಳು ಬರೀ ಬಾಯಿಮಾತು ಕಲಿಸುವ ಶಾಲೆಯಲ್ಲಿದ್ದಳಂತೆ. ಅಲ್ಲಿ ಕೈ ಎತ್ತಿದರೆ ಟೀಚರು ಕೈಯ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದರಂತೆ. ಆಮೇಲೆ ಬೇರೆ ಶಾಲೆಗೆ ಹೋದಾಗ ಅಲ್ಲಿನ ಮಕ್ಕಳಿಂದ ಒಂದೇ ವರ್ಷದಲ್ಲಿ ಸನ್ನೆ ಕಲಿತಳು. ಇಷ್ಟೆಲ್ಲ ಅವಳು ಅನ್ನ ಸಾರಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಮಧ್ಯೆ ಮಧ್ಯೆ ಚಮಚ ಕೆಳಗಿಟ್ಟು ಹೇಳಿದಳು. ಉಳಿದ ಮಕ್ಕಳೂ ಸುತ್ತ ಸೇರಿದರು. ಕಲ್ಯಾಣದ ಇಬ್ಬರು ಹುಡುಗಿಯರು ಸಂಜೆಯೊಳಗೆ ತಮ್ಮ ಹೆಸರನ್ನು ಬೆರಳುಗಳಲ್ಲಿ ಬರೆಯಲು ಕಲಿತಿದ್ದರು. ಮರುದಿನ ಬೆಳಿಗ್ಗೆ ಹಾಡಿನ ಹೊತ್ತಿಗೆ ಎರಡು ಸಾಲು ಮಕ್ಕಳು ವಾರಿಜಾರನ್ನು ನೋಡಿ ಕೈಯಲ್ಲೇ ಹಾಡುತ್ತಿದ್ದರು. ಪ್ರಣೀತಾ ತಿರುಗಿ ಅವರನ್ನು ನೋಡಿದಳು. ಆಗ ಅವಳ ಮುಖದಲ್ಲಿ ಮೂಡಿದ ಆಶ್ಚರ್ಯವನ್ನು ವಾರಿಜಾ ಗಮನಿಸಿದರು.

ಶನಿವಾರ ಮಧ್ಯಾಹ್ನ ಸಾಕ್ಷಿಯ ಹೊತ್ತು. ಮಕ್ಕಳು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ತಮ್ಮ ಬದುಕಿನಲ್ಲಿ ದೇವರು ಏನು ಮಾಡಿದ ಎಂದು ಎಲ್ಲರೆದುರು ಹೇಳುವುದಕ್ಕೆ ಅವರು ಸಾಕ್ಷಿ ಎನ್ನುತ್ತಿದ್ದರು. ಆ ಹೊತ್ತಿಗೆ ತಂದೆತಾಯಿಯರನ್ನೂ ಕರೆದಿದ್ದರು. ಸುಜನ್ ಮತ್ತು ನಿಶಾ ಎರಡನೇ ಸಾಲಿನಲ್ಲಿ ಬಂದು ಕೂತರು. ಮಗಳೂ ಮಾತಾಡುತ್ತಾಳೆ ಎಂದು ಗೊತ್ತಾದಾಗ ನಿಶಾ ಫೋನ್ ತೆಗೆದು ವಿಡಿಯೋ ಹಿಡಿಯಲು ಅಣಿಯಾದಳು.

ದುಭಾಷಿಯ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಉಂಟು. ಸೇರಿಸಬಾರದು, ಕಳೆಯಬಾರದು. ಎದುರಿಗಿರುವವರು 'ನಾನು' ಎಂದರೆ ತಾನೂ 'ನಾನು' ಎಂದೇ ಹೇಳಬೇಕು. ವಾರಿಜಾ ಇದನ್ನು ತರಬೇತಿಗೆ ಬಂದ ಎಷ್ಟೋ ಮಂದಿಗೆ ಕಲಿಸಿದ್ದರು. ಅವರು ಮೈಕು ಹಿಡಿದು ಪ್ರಣೀತಾಳ ಕೈಗಳನ್ನೇ ನೋಡುತ್ತ ನಿಂತರು.

ಪ್ರಣೀತಾ ಶುರುಮಾಡಿದಳು.

"ದೇವರು ಎಲ್ಲರ ಪ್ರಾರ್ಥನೆ ಕೇಳುತ್ತಾನೆ ಎಂದು ಇಲ್ಲಿ ಹೇಳಿದರು. ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು ಎಲ್ಲರೂ ಕೈ ಕೈ ಹಿಡಿದು, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾರೆ. ನಾನು ಕಣ್ಣು ಮುಚ್ಚಿದರೆ ಒಬ್ಬಳೇ ಆಗುತ್ತೇನೆ. ಅದಕ್ಕೆ ಕಣ್ಣು ತೆರೆದು ಎಲ್ಲರ ತುಟಿ ನೋಡುತ್ತೇನೆ. ಅವರು ಏನು ಕೇಳುತ್ತಾರೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ."

ಇಷ್ಟನ್ನು ವಾರಿಜಾ ಇದ್ದ ಹಾಗೆಯೇ ಹೇಳಿದರು.

"ನಮ್ಮ ಅಮ್ಮನಿಗೆ ಎಂಟು ಸನ್ನೆ ಗೊತ್ತು. ಊಟ, ಸ್ನಾನ, ಶಾಲೆ, ನಿದ್ದೆ, ಬೇಡ, ಬಾ, ಆಮೇಲೆ, ರೈಲು. ಪಪ್ಪನಿಗೆ ಅಷ್ಟೂ ಗೊತ್ತಿಲ್ಲ. ಮನೆಯಲ್ಲಿ ಎಲ್ಲರೂ ನಗುವಾಗ ಯಾಕೆ ಎಂದು ಕೇಳಿದರೆ ಅಮ್ಮ 'ಆಮೇಲೆ' ಎನ್ನುತ್ತಾಳೆ. ಆ ಆಮೇಲೆ ಬರುವುದೇ ಇಲ್ಲ."

ವಾರಿಜಾ ಕಣ್ಣೆತ್ತಿದರು. ಎರಡನೇ ಸಾಲಿನಲ್ಲಿ ನಿಶಾ ಫೋನಿನ ಹಿಂದೆ ನಗುತ್ತ ಕೂತಿದ್ದಳು. ಮಗಳು ಆರುನೂರು ಜನರೆದುರು ನಿಂತ ಹೆಮ್ಮೆ ಅವಳ ಕಣ್ಣಲ್ಲಿ ತುಂಬಿತ್ತು. ವಾರಿಜಾ ಹೇಳಿದರು, "ನಮ್ಮ ಅಮ್ಮ ನನಗಾಗಿ ಕೆಲವು ಸನ್ನೆ ಕಲಿತಿದ್ದಾಳೆ. ಊಟ, ಸ್ನಾನ, ಶಾಲೆ... ಮನೆಯಲ್ಲಿ ನಾವೆಲ್ಲ ನಗುತ್ತೇವೆ."

ಪ್ರಣೀತಾ ಮುಂದುವರಿದಳು. "ಎರಡು ವರ್ಷದ ಹಿಂದೆ ಅಮ್ಮ ನನಗೆ 'ರೈಲು' ಎಂದು ತೋರಿಸಿದಳು. ರಜೆಗೆ ಊರಿಗೆ ಹೋಗುತ್ತೇವೆ ಎಂದುಕೊಂಡೆ. ನನ್ನ ಹೊಸ ಹಳದಿ ಫ್ರಾಕ್ ಹಾಕಿಕೊಂಡೆ. ರೈಲಿನಲ್ಲಿ ಎಲ್ಲರೂ ಸುಮ್ಮನಿದ್ದರು. ನಾನು ಕಿಟಕಿಯಲ್ಲಿ ಸುರಂಗಗಳನ್ನು ಎಣಿಸಿ ಎಲ್ಲರಿಗೂ ಬೆರಳು ತೋರಿಸಿದೆ. ಉಡುಪಿಯ ಮನೆಯ ಅಂಗಳದಲ್ಲಿ ತುಂಬ ಜನ ಇದ್ದರು. ಒಳಗೆ ಓಡಿದೆ. ಅಜ್ಜಿ ಪೆಟ್ಟಿಗೆಯಲ್ಲಿ ಮಲಗಿದ್ದಳು. ಹಳದಿ ಫ್ರಾಕಿನಲ್ಲಿ ನಾನೊಬ್ಬಳೇ. ಈ ಎರಡು ದಿನದಲ್ಲಿ ಇಲ್ಲಿ ನನ್ನ ಹತ್ತಿರ ಜನ ಮಾತಾಡಿದಷ್ಟು ಮನೆಯಲ್ಲಿ ವರ್ಷಪೂರ್ತಿ ಮಾತಾಡಿಲ್ಲ. ನಾಳೆ ಮನೆಗೆ ಹೋಗಲು ನನಗೆ ಇಷ್ಟವಿಲ್ಲ. ದೇವರಿಗೆ ಕೇಳುತ್ತದೆ ಎಂದಾದರೆ ನಾನು ಕೇಳುವುದು ಇಷ್ಟೇ, ಅವರಿಗೆ ನನ್ನ ಭಾಷೆ ಕಲಿಸು."

ಮೈಕಿನಲ್ಲಿ ವಾರಿಜಾರ ದನಿ ಹೀಗೆ ಹೇಳಿತು, "ಎರಡು ವರ್ಷದ ಹಿಂದೆ ನನ್ನ ಅಜ್ಜಿ ತೀರಿಕೊಂಡಳು. ನನಗೆ ತುಂಬ ದುಃಖವಾಯಿತು. ಈ ಉತ್ಸವದಲ್ಲಿ ನನಗೆ ಎಷ್ಟೊಂದು ಗೆಳೆಯರು ಸಿಕ್ಕಿದರು. ನನ್ನ ಅಮ್ಮ ಪಪ್ಪನಿಗೂ ಈ ಭಾಷೆ ಬರಲಿ ಎಂದು ದೇವರಲ್ಲಿ ಬೇಡುತ್ತೇನೆ."

ಚಪ್ಪಾಳೆ ಮುಗಿಲು ಮುಟ್ಟಿತು. ನಿಶಾ ಅಳುತ್ತ ನಗುತ್ತ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಬೀಸಿದಳು. ಸುಜನ್ ಕನ್ನಡಕ ತೆಗೆದು ಒರೆಸಿಕೊಂಡ.

ಪ್ರಣೀತಾ ಅದನ್ನೆಲ್ಲ ನೋಡಿದಳು. ತಾಯಿಯ ಮುಖ ನೋಡಿದಳು, ಹುಬ್ಬು ಗಂಟಿಕ್ಕಿ ವಾರಿಜಾರತ್ತ ತಿರುಗಿದಳು. "ಅವರು ಯಾಕೆ ನಗುತ್ತಿದ್ದಾರೆ?"

ವಾರಿಜಾ ಉತ್ತರಿಸುವ ಮೊದಲೇ ಜಯೇಶ್ ಮುಂದಿನ ಹುಡುಗನನ್ನು ಕರೆದ.

ಅರ್ಧ ಗಂಟೆಯ ನಂತರ ನೀರಿನ ಡ್ರಮ್ಮಿನ ಹತ್ತಿರ ಕೀರ್ತನ್ ಓಡಿ ಬಂದ. "ಆಂಟಿ, ದೀದಿ ಬಹುತ್ ಗುಸ್ಸೇ ಮೇ ಹೈ, ತುಂಬ ಸಿಟ್ಟಾಗಿದ್ದಾಳೆ. ನೀವು ಮೈಕಿನಲ್ಲಿ ಹೇಳಿದ್ದನ್ನು ಟೈಪ್ ಮಾಡಿಕೊಡು ಅಂದಳು. ಮಾಡಿಕೊಟ್ಟೆ. ನನಗೇನು ಗೊತ್ತು?" ಎಂದ. ಅವನ ಹಿಂದೆಯೇ ಪ್ರಣೀತಾ ಬಂದಳು. ಫೋನಿನ ಪರದೆಯನ್ನು ವಾರಿಜಾರ ಮುಖಕ್ಕೆ ಹಿಡಿದಳು. ಆಮೇಲೆ ಅದನ್ನು ಜೇಬಿಗೆ ಹಾಕಿ ಎರಡೇ ಸನ್ನೆ ಮಾಡಿದಳು.

"ನೀವು ಕೂಡ."

ಆಮೇಲೆ ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ಸಭಾಂಗಣದ ಕೊನೆಯ ಸಾಲಿನಲ್ಲಿ ಹೋಗಿ ಕೂತಳು. ಸಂಜೆಯವರೆಗೂ ಆ ಕೈಗಳು ಹೊರಗೆ ಬರಲಿಲ್ಲ. ಯಾರು ಕರೆದರೂ, ವಾರಿಜಾ ಎದುರಿಗೆ ಹೋಗಿ ನಿಂತರೂ, ಅವಳು ಮುಖ ತಿರುಗಿಸಿದಳು. ಮಾತು ಬಿಡುವುದೆಂದರೆ ಅವಳಿಗೆ ಅದೇ.

ವಾರಿಜಾ ಜಯೇಶನಿಗೆ ನಡೆದದ್ದನ್ನು ಹೇಳಿದರು. ಅವನು, "ಟೆನ್ಶನ್ ತೊಗೋಬೇಡಿ ಆಂಟಿ. ಎಲ್ಲರ ಮುಂದೆ ಅಪ್ಪ ಅಮ್ಮನಿಗೆ ಅವಮಾನ ಆಗೋದು ತಪ್ಪಿತಲ್ಲ. ನೀವು ಒಳ್ಳೇದೇ ಮಾಡಿದಿರಿ," ಎಂದ. ಅವನು ಮನಸ್ಸಿನಿಂದಲೇ ಹೇಳಿದ. ಆದರೆ ಆ ಮಾತು ವಾರಿಜಾರಿಗೆ ಒಗ್ಗಲಿಲ್ಲ.

ಡೊಂಬಿವಲಿಯ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ ಅವರ ಮನೆ. ತಮ್ಮ ಕಿಟ್ಟು ಅವರ ಜೊತೆಗೇ ಇದ್ದ. ಕಿಟ್ಟುವಿಗೆ ಹುಟ್ಟಿದಂದಿನಿಂದ ಕಿವಿ ಕೇಳದು. ಈಗ ಐವತ್ತೈದು, ಹತ್ತಿರದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಕೆಲಸ. ವಾರಿಜಾ ಸನ್ನೆ ಕಲಿತದ್ದೇ ಅವನಿಂದ. ಊರಿಂದ ಬಂದು ಡೊಂಬಿವಲಿಯಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ ಅಪ್ಪನಿಗೂ ಮಗನಿಗೂ ನಡುವೆ ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ವಾರಿಜಾರೇ ಬಾಯಿ, ವಾರಿಜಾರೇ ಕೈ.

ಅವತ್ತು ರಾತ್ರಿ ಮನೆಯಲ್ಲಿ ಚಹಾ ಕುಡಿಯುತ್ತ ವಾರಿಜಾ ಅವನಿಗೆ ಎಲ್ಲವನ್ನೂ ಹೇಳಿದರು. ಕಿಟ್ಟು ಲೋಟ ಕೆಳಗಿಟ್ಟ.

"ಒಂದು ಕೇಳಲೇ?" ಎಂದ ಸನ್ನೆಯಲ್ಲಿ. "ಅಪ್ಪ ಆಸ್ಪತ್ರೆಯಲ್ಲಿದ್ದಾಗ ಕೊನೆಯ ಸಲ ನಾನು ಅವರಿಗೆ ಒಂದು ಮಾತು ಹೇಳು ಎಂದೆ. ನೀನು ಏನು ಹೇಳಿದೆ?"

ಹನ್ನೆರಡು ವರ್ಷವಾಗಿತ್ತು. ಅದು ಅವನಿಗೆ ಮರೆತುಹೋಗಿದೆ ಎಂದು ವಾರಿಜಾ ಅಂದುಕೊಂಡಿದ್ದರು. ಕಿಟ್ಟು ಅಂದು ಕೇಳಿದ್ದು ಒಂದು ಪ್ರಶ್ನೆ. 'ನನ್ನನ್ನು ಯಾಕೆ ಒಂದು ದಿನವೂ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಲಿಲ್ಲ? ಗಿರಾಕಿಗಳೆದುರು ನಾಚಿಕೆಯಾಗುತ್ತಿತ್ತೇ?'

"ನೀವು ಬೇಗ ಗುಣ ಆಗಬೇಕಂತೆ ಅಂತ ಹೇಳಿದೆ," ಎಂದರು ವಾರಿಜಾ.

ಕಿಟ್ಟು ತಲೆಯಾಡಿಸಿದ. "ನಾನು ಪ್ರಶ್ನೆ ಕೇಳಿದೆ. ಅಪ್ಪ ನನ್ನ ಕೆನ್ನೆ ತಟ್ಟಿದರು. ಆಗಲೇ ಗೊತ್ತಾಯಿತು."

"ಅಪ್ಪನಿಗೆ ನೋವಾಗುತ್ತಿತ್ತು ಕಿಟ್ಟು. ಹಾಸಿಗೆ ಹಿಡಿದವರಿಗೆ..."

"ಹೌದು, ಅಪ್ಪನಿಗೆ. ಯಾವಾಗಲೂ ಕಿವಿ ಇರುವವರಿಗೇ ನೋವಾಗಬಾರದು." ಅವನ ಮುಖದಲ್ಲಿ ಸಿಟ್ಟಿರಲಿಲ್ಲ. "ಉತ್ತರ ಏನೇ ಇರಲಿ, ಅಪ್ಪ ಅದನ್ನು ನನಗೆ ಹೇಳಿ ಹೋಗುತ್ತಿದ್ದರು. ನಾಚಿಕೆಯಾಗುತ್ತಿತ್ತು ಎಂದಿದ್ದರೂ ಆಗುತ್ತಿತ್ತು. ಈಗ ಅದು ಸಿಗುವುದಿಲ್ಲ."

ವಾರಿಜಾ ಅತ್ತರು. ಕಿಟ್ಟು ತಣ್ಣಗಾದ ಚಹಾವನ್ನು ಒಳಗೆ ಒಯ್ದು ಬಿಸಿ ಮಾಡಿ ತಂದ.

ಭಾನುವಾರ ಅವರು ಎಂಟಕ್ಕೆಲ್ಲ ಐರೋಲಿಯಲ್ಲಿದ್ದರು. ಪ್ರಣೀತಾ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು, ಕೈಗಳು ಕಂಕುಳಲ್ಲೇ ಇದ್ದವು. ವಾರಿಜಾ ಎರಡು ಮೆಟ್ಟಿಲು ಕೆಳಗೆ ಕೂತರು, ಅವಳು ಬೇಡವೆಂದರೂ ಕಣ್ಣಿಗೆ ಬೀಳುವಂತೆ.

"ನಾನು ಸುಳ್ಳು ಹೇಳಿದೆ," ಎಂದರು. "ನಿನ್ನ ಮಾತನ್ನು ಬದಲಾಯಿಸಿದೆ. ನಿನ್ನ ಅಮ್ಮನ ಮುಖ ನೋಡಿ ಹೆದರಿದೆ. ಅದು ಕಾರಣ ಅಷ್ಟೇ, ಸಮಜಾಯಿಷಿ ಅಲ್ಲ. ಇವತ್ತು ಸಮಾರೋಪಕ್ಕೆ ಎಲ್ಲರೂ ಬರುತ್ತಾರೆ. ನೀನು ಒಪ್ಪಿದರೆ ವೇದಿಕೆಯಲ್ಲಿ ನಿಂತು, ನಿನ್ನೆ ಹೇಳಿದ್ದು ನನ್ನ ಮಾತು, ಅವಳದ್ದಲ್ಲ ಎನ್ನುತ್ತೇನೆ. ನೀನು ಮತ್ತೆ ಹೇಳು. ಒಂದಕ್ಷರವೂ ಬಿಡುವುದಿಲ್ಲ."

ಪ್ರಣೀತಾ ಕೈಗಳನ್ನು ಹೊರಗೆ ತೆಗೆದಳು.

"ವೇದಿಕೆ ಬೇಡ. ಆರುನೂರು ಜನಕ್ಕೆ ಹೇಳಿ ನನಗೇನು? ನಾನು ಹೇಳಬೇಕಾದದ್ದು ಇಬ್ಬರಿಗೆ."

"ಮತ್ತೆ ನಿನ್ನೆ ಯಾಕೆ ಅಲ್ಲಿ ಹೇಳಿದೆ?"

"ಅಲ್ಲಿ ನಿಂತರೆ ಅವರು ಐದು ನಿಮಿಷ ಬೇರೆ ಕಡೆ ನೋಡದೆ ನನ್ನನ್ನೇ ನೋಡುತ್ತಾರೆ," ಎಂದಳು ಪ್ರಣೀತಾ. "ಮನೆಯಲ್ಲಿ ಹಾಗೆ ಕೂತು ನೋಡಿದ್ದೇ ಇಲ್ಲ."

ಜಯೇಶ್ ಮೊದಲ ಮಹಡಿಯ ಒಂದು ತರಗತಿಯನ್ನು ತೆರೆಸಿಕೊಟ್ಟ. ಮಧ್ಯಾಹ್ನ ಎರಡಕ್ಕೆ ಸುಜನ್ ಮತ್ತು ನಿಶಾ ಅಲ್ಲಿಗೆ ಬಂದರು. ಸಣ್ಣ ಮಕ್ಕಳ ಬೆಂಚುಗಳಾದ್ದರಿಂದ ಇಬ್ಬರೂ ಮೊಣಕಾಲು ಮೇಲೆತ್ತಿ ಕೂರಬೇಕಾಯಿತು. ಕೀರ್ತನ್ ಬಾಗಿಲ ಹತ್ತಿರ ನಿಂತ. ನಿಶಾಳ ಮುಖ ಇನ್ನೂ ಹಿಂದಿನ ದಿನದ ಸಂತೋಷದಲ್ಲೇ ಇತ್ತು.

"ಟೀಚರ್, ನಿನ್ನೆಯ ವಿಡಿಯೋ ಊರಿಗೆಲ್ಲ ಕಳಿಸಿದ್ದೇನೆ," ಎಂದಳು. "ನಮ್ಮ ದೊಡ್ಡಮ್ಮ ನೋಡಿ ನೋಡಿ ಅತ್ತರಂತೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲುದಿಲ್ಲ."

"ನಿಶಾ, ಅದಕ್ಕೇ ನಿಮ್ಮನ್ನು ಕರೆಸಿದ್ದು," ಎಂದರು ವಾರಿಜಾ. "ನಿನ್ನೆ ನಾನು ಹೇಳಿದ್ದು ಇವಳ ಮಾತಲ್ಲ. ಅರ್ಧ ನಾನೇ ಕಟ್ಟಿ ಹೇಳಿದೆ. ತಪ್ಪು ನನ್ನದು, ಇವಳದ್ದು ಏನೂ ಇಲ್ಲ. ಈಗ ಇವಳು ಮತ್ತೆ ಹೇಳುತ್ತಾಳೆ. ನಾನು ಬರೀ ಬಾಯಿ. ನೀವು ನನ್ನನ್ನು ನೋಡಬೇಡಿ, ಅವಳನ್ನು ನೋಡಿ."

ಪ್ರಣೀತಾ ಹೇಳಿದಳು. ನಿನ್ನೆ ಹೇಳಿದ ಕ್ರಮದಲ್ಲೇ, ಆದರೆ ನಿಧಾನವಾಗಿ. ವಾರಿಜಾ ಕನ್ನಡದಲ್ಲಿ ಅದನ್ನು ಒಂದೊಂದಾಗಿ ಆಡಿದರು. ಕಣ್ಣು ಮುಚ್ಚಿದರೆ ಒಬ್ಬಳೇ ಆಗುತ್ತೇನೆ. ಅಮ್ಮನಿಗೆ ಎಂಟು ಸನ್ನೆ ಗೊತ್ತು. ಆ ಆಮೇಲೆ ಬರುವುದೇ ಇಲ್ಲ. ಹಳದಿ ಫ್ರಾಕಿನಲ್ಲಿ ನಾನೊಬ್ಬಳೇ. ಮನೆಗೆ ಹೋಗಲು ಇಷ್ಟವಿಲ್ಲ. ಅವರಿಗೆ ನನ್ನ ಭಾಷೆ ಕಲಿಸು ಎಂಬ ಕೊನೆಯ ಮಾತನ್ನೂ ಹೇಳಿ ಮುಗಿಸಿದರು.

ಕೆಳಗೆ ಸಭಾಂಗಣದಲ್ಲಿ ಹಾಡು ನಡೆಯುತ್ತಿತ್ತು. ಸುಜನ್ ಎದ್ದು ಕಿಟಕಿಯ ಹತ್ತಿರ ಹೋದ.

"ಇದನ್ನೆಲ್ಲ ಮನೆಯಲ್ಲಿ ಹೇಳಬಹುದಿತ್ತಲ್ಲ," ಎಂದ ಬೆನ್ನು ತಿರುಗಿಸಿಕೊಂಡೇ. "ಹೊರಗಿನವರನ್ನು ಕೂರಿಸಿಕೊಂಡು ಎಂತ ಇದು? ನಾವು ಇವಳಿಗೆ ಎಂತ ಕಡಿಮೆ ಮಾಡಿದ್ದೇವೆ? ಕಿವಿಗೆ ಮಿಷನ್ನು, ಸ್ಪೀಚ್ ಕ್ಲಾಸು, ಒಳ್ಳೆಯ ಶಾಲೆ. ಡಾಕ್ಟರೇ ಹೇಳಿದ್ದು, ಕೈಯಲ್ಲಿ ಮಾತಾಡ್ಲಿಕ್ಕೆ ಬಿಟ್ಟರೆ ಬಾಯಲ್ಲಿ ಮಾತು ಬರುದೇ ಇಲ್ಲ ಅಂತ. ನಾವು ಕೇಳಿದೆವು. ಅದು ತಪ್ಪಾ?"

ವಾರಿಜಾರ ಕೈಗಳು ಅದನ್ನು ಪ್ರಣೀತಾಳಿಗೆ ಹೇಳಿದವು. ಪೂರ್ತಿ ಹೇಳಿದವು. 'ಹೊರಗಿನವರು' ಎಂಬುದನ್ನೂ ಬಿಡಲಿಲ್ಲ. ಸುಜನ್ ಅದನ್ನು ಕಿಟಕಿಯ ಗಾಜಿನಲ್ಲಿ ಕಂಡು ತಿರುಗಿದ.

"ಅದನ್ನೆಲ್ಲ ಯಾಕೆ ಅವಳಿಗೆ ಹೇಳ್ತೀರಿ?"

"ನೀವು ಹೇಳಿದಿರಲ್ಲ," ಎಂದರು ವಾರಿಜಾ.

"ಸಾವಿನ ಮನೆಯಲ್ಲಿ ಯಾರಿಗೆ ಯಾರು ಕೂತು ವಿವರಿಸುದು? ಸತ್ತದ್ದು ನನ್ನ ಅಮ್ಮ. ನನಗೇ ಎಂತ ಮಾಡಬೇಕಂತ ಗೊತ್ತಿರಲಿಲ್ಲ." ಅದೂ ಸನ್ನೆಯಾಗಿ ಪ್ರಣೀತಾಳನ್ನು ತಲುಪಿತು. ತಂದೆ ಅಜ್ಜಿಯನ್ನು 'ನನ್ನ ಅಮ್ಮ' ಎಂದದ್ದನ್ನು ಅವಳು ಮೊದಲ ಸಲ ಕಂಡಳೋ ಏನೋ, ತುಂಬ ಹೊತ್ತು ಅವನನ್ನೇ ನೋಡಿದಳು.

ಬಾಗಿಲಿನಿಂದ ಕೀರ್ತನ್ ಹೇಳಿದ, "ಅಜ್ಜಿಯ ವಿಷಯ ನನಗೆ ಗೊತ್ತಿತ್ತು. ನಾನು ದೀದಿಗೆ ಹೇಳ್ತೇನೆ ಅಂದೆ. ಪಪ್ಪ ಸುಮ್ಮನಿರು ಅಂದರು." ಅವನು ಅಳುತ್ತಿದ್ದ.

ಈಗ ನಿಶಾ ಮಾತಾಡಿದಳು. ವಾರಿಜಾರಿಗಲ್ಲ, ನೇರ ಮಗಳಿಗೇ, ಅವಳಿಗೆ ಕೇಳುವುದಿಲ್ಲ ಎಂಬುದನ್ನೂ ಮರೆತವಳಂತೆ.

"ಹೇಳ್ಬೇಕು ಅಂತಲೇ ನಿನ್ನ ಹತ್ತಿರ ಬಂದೆ ಮಗಾ. ನೀನು ಅಡುಗೆಮನೆಯಲ್ಲಿ ಬಟಾಟೆ ಸುಲೀತಾ ಇದ್ದೆ. ನಾನು ಎದುರು ನಿಂತೆ. ಕೈ ಎತ್ತಿದೆ. ಸತ್ತರು ಅನ್ನುದಕ್ಕೆ ಕೈಯಲ್ಲಿ ಎಂತ ಮಾಡುದು ಅಂತ ನನಗೆ ಗೊತ್ತೇ ಇಲ್ಲ. ಬಾಯಲ್ಲಿ ಹೇಳಿದೆ, ನಿನಗೆ ತಿಳೀಲಿಲ್ಲ. ಕಡೆಗೆ ನನಗೆ ಬರುದು ರೈಲು. ಅದನ್ನೇ ಮಾಡಿದೆ. ನೀನು ಕುಣಿದೆ. ನೀನು ಕುಣಿಯುದು ನೋಡಿ ನನಗೆ ಧೈರ್ಯ ಬರಲಿಲ್ಲ. ನೀನು ಫ್ರಾಕ್ ಹಾಕಿಕೊಂಡು ಬಂದೆ, ಬೇಡ ಅನ್ಲಿಕ್ಕೂ ಆಗಲಿಲ್ಲ."

ವಾರಿಜಾ ಇದನ್ನು ಹೇಳಿ ಮುಗಿಸಿದಾಗ ಪ್ರಣೀತಾ ಕೈ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿ ಹೇಳಿದಳು, "ಬರೆದು ತೋರಿಸಬಹುದಿತ್ತು."

"ಹೌದು," ಎಂದಳು ನಿಶಾ. "ಬರೆಯಬಹುದಿತ್ತು. ಬರೆಯಲಿಲ್ಲ."

ಅವಳು ಬೇರೇನೂ ಕಾರಣ ಕೊಡಲಿಲ್ಲ. ಬೆಂಚಿನಿಂದ ಎದ್ದು ಬಂದು ಮಗಳೆದುರು ನಿಂತಳು. ವಾರಿಜಾರತ್ತ ತಿರುಗಿ, "ಸತ್ತರು ಅಂತ ಕೈಯಲ್ಲಿ ಹೇಗೆ ಹೇಳುದು ಟೀಚರ್?" ಎಂದಳು. ವಾರಿಜಾ ತಾವೇ ಕಲಿಸಿಕೊಡಲು ಹೋಗಲಿಲ್ಲ, ಪ್ರಶ್ನೆಯನ್ನಷ್ಟೇ ಮಗಳಿಗೆ ದಾಟಿಸಿದರು. ಪ್ರಣೀತಾ ತಾಯಿಯ ಕೈ ಹಿಡಿದು, ಬೆರಳುಗಳನ್ನು ಸರಿಮಾಡಿ, ತೋರಿಸಿಕೊಟ್ಟಳು. ನಿಶಾ ಒಮ್ಮೆ ಮಾಡಿದಳು. ತಪ್ಪಾಯಿತು. ಪ್ರಣೀತಾ ಮತ್ತೆ ತಿದ್ದಿದಳು. ಮೂರನೇ ಸಲ ನಿಶಾ ಅದನ್ನು ಸರಿಯಾಗಿ ಮಾಡಿದಳು, ಮತ್ತು ಎರಡು ವರ್ಷದ ಹಿಂದೆ ಹೇಳಬೇಕಾಗಿದ್ದ ಸುದ್ದಿಯನ್ನು ಮಗಳಿಗೆ ಹೇಳಿದಂತಾಯಿತು. ತಾಯಿ ಮಗಳು ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಸುಜನ್ ಅವರ ಹತ್ತಿರ ಬರಲಿಲ್ಲ, ಹೊರಗೂ ಹೋಗಲಿಲ್ಲ.

ಅವತ್ತು ಸಂಜೆ ಪ್ರಣೀತಾ ತಂದೆತಾಯಿಯರ ಜೊತೆ ಕಾಮೋಠೆಗೆ ಹೋದಳು. ಹೋಗುವಾಗ ವಾರಿಜಾರ ಕಡೆ ನೋಡಲಿಲ್ಲ.

ಜೂನ್‌ನಲ್ಲಿ ನಿಶಾ ಫೋನ್ ಮಾಡಿದಳು. ವಾರಿಜಾ ಠಾಣೆಯಲ್ಲಿ ನಡೆಸುತ್ತಿದ್ದ ಶನಿವಾರದ ಸನ್ನೆ ತರಗತಿಗೆ ಸೇರಬೇಕಾಗಿತ್ತು ಅವಳಿಗೆ. ಕಾಮೋಠೆಯಿಂದ ಠಾಣೆಗೆ ಗಾಡಿ ಬದಲಿಸಿ ಬರುವ ದಾರಿ ಸಣ್ಣದಲ್ಲ. ಆದರೂ ಮಳೆಗಾಲವಿಡೀ ಬಂದಳು. ನಲವತ್ತೆರಡರ ಕೈಗಳು ಬೇಗ ಬಗ್ಗುತ್ತಿರಲಿಲ್ಲ. ಜೊತೆಗೆ ಕಲಿಯುತ್ತಿದ್ದ ಕಾಲೇಜು ಹುಡುಗಿಯರು ಅವಳನ್ನು ದಾಟಿ ಮುಂದೆ ಹೋದರು. ಅವಳು ಒಂದು ನೋಟುಬುಕ್ಕಿನಲ್ಲಿ ಕೈಗಳ ಚಿತ್ರ ಬಿಡಿಸಿಕೊಳ್ಳುತ್ತಿದ್ದಳು. ಕೀರ್ತನ್ ಅಕ್ಕನಿಂದಲೇ ಕಲಿತ. ಸುಜನ್ ತರಗತಿಗೆ ಒಂದೇ ದಿನ ಬಂದ, ಹಿಂದಿನ ಕುರ್ಚಿಯಲ್ಲಿ ಕೂತು ಎದ್ದು ಹೋದ. ಆದರೆ ಊಟದ ಪ್ರಾರ್ಥನೆಗೆ ಈಗ ಕೈ ಹಿಡಿದುಕೊಳ್ಳುವುದಿಲ್ಲ, ಕಣ್ಣು ಮುಚ್ಚುವುದೂ ಇಲ್ಲ, ಅದನ್ನು ಸುಜನನೇ ನಿಲ್ಲಿಸಿದ್ದು ಎಂದು ನಿಶಾ ಒಂದು ಶನಿವಾರ ಹೇಳಿದಳು.

"ಪ್ರಣೀತಾ ಹೇಗಿದ್ದಾಳೆ?" ಎಂದು ವಾರಿಜಾ ಪ್ರತಿ ವಾರ ಕೇಳುತ್ತಿದ್ದರು. ಚೆನ್ನಾಗಿದ್ದಾಳೆ, ಜಗಳ ಆಡ್ತಾಳೆ, ಸಿಟ್ಟು ಬಂದರೆ ನನಗೆ ತಿಳಿಯದಷ್ಟು ಜೋರಾಗಿ ಕೈ ಆಡಿಸ್ತಾಳೆ ಎಂದು ನಿಶಾ ಹೇಳುತ್ತಿದ್ದಳು. ನಿಮ್ಮನ್ನು ಕೇಳಿದಳು ಎಂದು ಒಮ್ಮೆಯೂ ಹೇಳಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಜಯೇಶ್ ಮತ್ತೆ ಫೋನ್ ಮಾಡಿದ. ಈ ಸಲ ಕಿವಿ ಕೇಳದ ಹನ್ನೊಂದು ಮಕ್ಕಳು ಬರುತ್ತಿದ್ದರು. ಅದನ್ನು ಖುಷಿಯಿಂದ ಹೇಳಿ ಅವನು ತಡವರಿಸಿದ.

"ಆಂಟಿ, ಬೇಜಾರು ಮಾಡ್ಕೋಬೇಡಿ. ಪ್ರಣೀತಾ... ಬೇರೆ ಯಾರಾದರೂ ಸಿಗ್ತಾರಾ ಅಂತ ಕೇಳಿದ್ದಾಳೆ."

"ಸರಿಯಾಗೇ ಕೇಳಿದ್ದಾಳೆ," ಎಂದರು ವಾರಿಜಾ. "ಅಪೇಕ್ಷಾ ಅಂತ ಒಬ್ಬಳಿದ್ದಾಳೆ. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುದಿಲ್ಲ, ಮನೆಯಲ್ಲೇ ಸನ್ನೆ ಆಡಿ ಬೆಳೆದವಳು. ನನಗಿಂತ ಚೆನ್ನಾಗಿ ಮಾಡ್ತಾಳೆ. ನಂಬರ್ ಕಳಿಸ್ತೇನೆ."

ಫೋನ್ ಇಟ್ಟ ಮೇಲೆ ಅವರು ಕಿಟ್ಟುವಿಗೆ ವಿಷಯ ಹೇಳಿದರು. ಅವನು ಅಕ್ಕನ ಮುಖ ನೋಡಿ, "ನೋವಾಯಿತಾ?" ಎಂದ. "ಆಯಿತು," ಎಂದರು ವಾರಿಜಾ. ಹಾಗೆ ನೇರವಾಗಿ ಉತ್ತರ ಕೊಡುವುದನ್ನು ಅವರಿಬ್ಬರೂ ಆ ವರ್ಷವಿಡೀ ರೂಢಿ ಮಾಡಿಕೊಂಡಿದ್ದರು.

ನಿಶಾ ಬಿಡದೆ ಕರೆದದ್ದರಿಂದ ಶನಿವಾರ ಮಧ್ಯಾಹ್ನ ವಾರಿಜಾ ಉತ್ಸವಕ್ಕೆ ಹೋದರು. ಪೋಷಕರ ಸಾಲಿನಲ್ಲಿ ನಿಶಾಳ ಪಕ್ಕದಲ್ಲಿ ಕೂತರು. ಆಚೆಗೆ ಸುಜನ್ ಇದ್ದ, ತಲೆಬಾಗಿಸಿ ನಮಸ್ಕರಿಸಿದ. ನಿಶಾ ಫೋನ್ ತೆಗೆಯಲಿಲ್ಲ.

ಪ್ರಣೀತಾ ವೇದಿಕೆಗೆ ಬಂದಳು. ಒಂದು ವರ್ಷದಲ್ಲಿ ಉದ್ದವಾಗಿದ್ದಳು. ಹತ್ತನೇ ತರಗತಿಯ ಗಣಿತದಲ್ಲಿ ಫೇಲಾದದ್ದು, ಮತ್ತೆ ಕಟ್ಟಿದ್ದು, ಇನ್ನೂ ಭಯ ಇರುವುದು, ದೇವರ ಮೇಲೆ ಕೆಲವು ದಿನ ಸಿಟ್ಟು ಬರುವುದು, ಎಲ್ಲ ಹೇಳಿದಳು. ಅಪೇಕ್ಷಾಳ ದನಿ ಅದನ್ನು ಇದ್ದಂತೆ ಹೇಳುತ್ತಿತ್ತು. ಆಮೇಲೆ ತಾಯಿಯ ವಿಷಯ ಬಂತು. "ನನ್ನ ಅಮ್ಮ ಸನ್ನೆ ಕಲಿಯುತ್ತಿದ್ದಾಳೆ. ತುಂಬ ಕೆಟ್ಟದಾಗಿ ಮಾಡುತ್ತಾಳೆ. ಹೋದ ವಾರ ಪಾಸ್ಟರ್ ಅಂಕಲ್‌ರನ್ನು ಊಟಕ್ಕೆ ಕರೆದಿದ್ದೇನೆ ಎನ್ನಲು ಹೋಗಿ, ಪಾಸ್ಟರ್ ಅಂಕಲ್‌ರನ್ನು ತಿಂದೆ ಎಂದಳು."

ಇಡೀ ಸಭಾಂಗಣ ನಕ್ಕಿತು. ನಿಶಾ ಮುಖ ಮುಚ್ಚಿಕೊಂಡು ನಕ್ಕಳು. ಅವಳು ಅಪೇಕ್ಷಾಳ ದನಿಗೆ ಕಾದಿರಲಿಲ್ಲ, ಒಂದು ಕ್ಷಣ ಮೊದಲೇ ನಕ್ಕಿದ್ದಳು. ಮುಂದಿನ ಮಾತುಗಳಲ್ಲಿ ಎಲ್ಲೋ ತಪ್ಪಿಹೋದಾಗ ವಾರಿಜಾರ ತೋಳು ಮುಟ್ಟಿ, "ಅದೆಂತ ಹೇಳಿದ್ದು?" ಎಂದು ಪಿಸುಗುಟ್ಟಿದಳು. ವಾರಿಜಾ ಹೇಳಿದರು.

ಕಾರ್ಯಕ್ರಮದ ಬಿಡುವಿನಲ್ಲಿ ಪ್ರಣೀತಾ ಕೆಳಗಿಳಿದು ಬಂದು ತಾಯಿಯ ಜೊತೆ ಏನೋ ವಾದಿಸಿದಳು, ತಂದೆಯ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡು ಕುಡಿದಳು. ಆಮೇಲೆ ವಾರಿಜಾರ ಎದುರು ನಿಂತಳು. ಹಿರಿಯರಿಗೆ ಮಾಡುವಂತೆ ಕೈಮುಗಿದಳು.

"ಚೆನ್ನಾಗಿದ್ದೀರಾ?" ಎಂದು ಕೇಳಿದಳು.

"ಚೆನ್ನಾಗಿದ್ದೇನೆ. ನೀನು ಚೆನ್ನಾಗಿ ಮಾತಾಡಿದೆ."

"ಅವರು ಚೆನ್ನಾಗಿ ಹೇಳಿದರು," ಎಂದು ಅಪೇಕ್ಷಾಳತ್ತ ತೋರಿಸಿದಳು ಪ್ರಣೀತಾ.

"ಹೌದು, ಚೆನ್ನಾಗಿ ಹೇಳಿದಳು," ಎಂದರು ವಾರಿಜಾ.

ಹಿಂದಿನ ವರ್ಷ ಬೆರಳಲ್ಲಿ ಹೆಸರು ಬರೆಯಲು ಕಲಿತಿದ್ದ ಕಲ್ಯಾಣದ ಹುಡುಗಿಯರು ದೂರದಿಂದ ಕೈ ಬೀಸಿ ಕರೆದರು. ಪ್ರಣೀತಾ ಅವರ ಕಡೆ ಹೋದಳು. ವಾರಿಜಾ ಕೊನೆಯ ಹಾಡಿನವರೆಗೆ ನಿಶಾಳ ಜೊತೆ ಕೂತಿದ್ದು, ಆರು ಗಂಟೆಯ ಠಾಣೆ ಗಾಡಿಗೆ ಹೊರಟರು.